ಹತ್ತು ನಿಮಿಷದ ತುಳು

ನನ್ನ ಮಗನಿಗೆ ಆಗ ಎರಡೂವರೆ ವರ್ಷ. ಅವನನ್ನು ಅತ್ತೆಯ ಕೈಗೆ ಕೊಟ್ಟು, 26 ದಿನಕ್ಕಾಗುವಷ್ಟು ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದ್ದೆ. 2017ರ ಮಳೆಗಾಲ. ಅವನು ಅಳಲಿಲ್ಲ. ಅತ್ತೆ ಅವನ ಕೈಗೆ ಒಂದು ತುಂಡು ಬೆಲ್ಲ ಕೊಟ್ಟಿದ್ದರು, ಅದರಲ್ಲೇ ಮುಳುಗಿದ್ದ. ಅತ್ತದ್ದು ನಾನು. ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆ ಅಂತ ಕಲಿಯಲು ನನ್ನ ಮಗುವನ್ನೇ ಬಿಟ್ಟು ಹೋಗಬೇಕಲ್ಲ ಅನ್ನುವ ಸಂಕಟ. ಇಂಡಿ ರಸ್ತೆಯಿಂದ ವಿಜಯಪುರದ ಗೋಲಗುಮ್ಮಟ ಕಾಣುವ ತನಕ ಅದೇ ಯೋಚನೆ.

ಅಂಗನವಾಡಿ ಕಾರ್ಯಕರ್ತೆಯಾಗಿ ಆಯ್ಕೆಯಾದ ಮೇಲೆ ಆ ತರಬೇತಿ ಮಾಡಬೇಕಿತ್ತು. ಅಲ್ಲೇ ಉಳಿದುಕೊಂಡು ಕಲಿಯುವುದು. ನಮ್ಮ ಚಿಕ್ಕಪ್ಪನ ಮಗಳು ಈಗ ಕಾರ್ಯಕರ್ತೆಯಾಗಿ ಆಯ್ಕೆಯಾಗಿದ್ದಾಳೆ. ಮೊನ್ನೆ ಫೋನ್ ಮಾಡಿ, "ಅಕ್ಕಾ, ತರಬೇತ್ಯಾಗ ಏನ್ ಕಲಸ್ತಾರ? ಹಾಡು ಬಾಯಿಪಾಠ ಮಾಡ್ಕೊಂಡು ಹೋಗ್ಲೇನು?" ಅಂತ ಕೇಳಿದಳು. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೋಣೆಯಲ್ಲಿ ಎಂಟು ಜನ ಇದ್ದೆವು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಾ ಕಡೆಯವರು. ಬಂದ ಮೊದಲ ರಾತ್ರಿ ಎಲ್ಲರ ಚೀಲದಿಂದಲೂ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಹೊರಗೆ ಬಂತು. ಒಬ್ಬಳಿಗೆ ಏಳು ತಿಂಗಳ ಕೂಸು. ಕೂಸನ್ನೂ ಕರೆದುಕೊಂಡು ಬಂದಿದ್ದಳು. ಅದು ನಮ್ಮೆಲ್ಲರ ಕೂಸಾಯಿತು. ತೂಕ ಮಾಡುವುದು, ತೋಳಿನ ಸುತ್ತಳತೆ ತೆಗೆಯುವುದು, ಎಲ್ಲವನ್ನೂ ಮೊದಲು ಅದರ ಮೇಲೆಯೇ ಕಲಿತೆವು.

ಮೊದಲ ವಾರ ಪೂರ್ತಿ ಕಾಗದದ ವಿಷಯ. ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡಾಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ, ಹೀಗೆ ಆರು ಸೇವೆ. ರಿಜಿಸ್ಟರ್‌ಗಳ ಹೆಸರನ್ನೇ ನೆನಪಿಡಲು ಎರಡು ದಿನ ಬೇಕಾಯಿತು. ಇದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಇದನ್ನು ಕೆಲಸಕ್ಕೆ ಬಂದ ಮೇಲೂ ಕಲಿಯಬಹುದು, ಮೇಲ್ವಿಚಾರಕಿಯವರು ಹೇಳಿಕೊಡುತ್ತಾರೆ.

ತೂಕದ ಪಾಠ ಮಾತ್ರ ಹಾಗಲ್ಲ. ತೂಗು ತಕ್ಕಡಿಯ ಚೀಲದಲ್ಲಿ ಕೂಸನ್ನು ಕೂರಿಸಿ, ಅದು ಒದ್ದಾಡುವುದು ನಿಂತ ಆ ಒಂದು ಗಳಿಗೆಯಲ್ಲಿ ಮುಳ್ಳು ನೋಡಬೇಕು. ಆಮೇಲೆ ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಡಬೇಕು. ನಾನು ಚುಕ್ಕೆ ಹಸಿರು ಪಟ್ಟಿಯಲ್ಲಿ ಬಂತು ಅಂತ ಖುಷಿಪಟ್ಟೆ. ನಮ್ಮ ಮೇಡಂ ಹಿಂದಿನ ತಿಂಗಳ ಚುಕ್ಕೆಯನ್ನು ತೋರಿಸಿದರು. "ಬಣ್ಣ ಆಮೇಲೆ ನೋಡಿ. ಗೆರೆ ಯಾವ ಕಡೆ ಹೊರಟಿದೆ ಅದನ್ನು ಮೊದಲು ನೋಡಿ" ಅಂದರು. ಹಸಿರಿನಲ್ಲೇ ಇದ್ದರೂ ಗೆರೆ ಮಲಗಿಬಿಟ್ಟಿದ್ದರೆ ಆ ಮನೆಗೆ ಅವತ್ತೇ ಹೋಗಬೇಕು. ತೋಳಿನ ಪಟ್ಟಿಯಲ್ಲಿ ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, ಕಾಯುವ ಹಾಗೇ ಇಲ್ಲ. ಈ ಎರಡು ಮಾತು ಕೆಲಸದಲ್ಲಿ ನನ್ನನ್ನು ಎಷ್ಟು ಸಲ ಎಚ್ಚರಿಸಿವೆ ಅಂದರೆ ಲೆಕ್ಕ ಇಟ್ಟಿಲ್ಲ.

ಈ ಮೇಡಂ ಪುತ್ತೂರಿನ ಕಡೆಯವರು. ಮದುವೆಯಾಗಿ ಈ ಕಡೆ ಬಂದು ಬಹಳ ವರ್ಷವಾಗಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಒಳಗೆ ಬಂದವರೇ ನಮಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಲು ಶುರು ಮಾಡಿದರು. ತುಳು ಅಂತ ಆಮೇಲೆ ತಿಳಿಯಿತು. ನಗುತ್ತಿದ್ದರು, ಕೈ ಆಡಿಸುತ್ತಿದ್ದರು, ಒಬ್ಬೊಬ್ಬರ ಮುಖ ನೋಡಿ ಏನೋ ಕೇಳುತ್ತಿದ್ದರು. ನನ್ನ ಮುಂದೆ ಬಂದು "ಬಲೆ, ಬಲೆ" ಅಂದರು. ಬಲೆ ಅಂದರೆ ಮೀನು ಹಿಡಿಯುವ ಬಲೆ ಅಂತ ತಿಳಿದು ನಾನು ಸುಮ್ನೆ ನೋಡುತ್ತಾ ಕೂತೆ. ಮತ್ತೆ ಜೋರಾಗಿ "ಬಲೆ!" ಅಂದರು. ನನ್ನ ಪಕ್ಕದವಳು ನನ್ನ ಮೊಣಕೈ ತಿವಿದಳು. ನನಗೆ ಬೆವರು ಬಂತು. ಎದ್ದು ನಿಂತೆ. "ಕುಳ್ಳುಲೆ" ಅಂದರು. ಅದು ನನ್ನನ್ನು ಬೈದದ್ದು ಅನ್ನಿಸಿತು. ನಾನು ಕುಳ್ಳಗೆ ಇದ್ದೇನೆ, ಅದಕ್ಕೇ ಹಾಗಂದರು ಅಂದುಕೊಂಡೆ.

ಹತ್ತು ನಿಮಿಷ ಹೀಗೆ. ಕೊನೆಗೆ ಮೂವತ್ತು ಜನ ಹೆಂಗಸರು, ಮನೆ ನಡೆಸುವವರು, ಸಂತೆಯಲ್ಲಿ ಚೌಕಾಸಿ ಮಾಡುವವರು, ತಲೆ ತಗ್ಗಿಸಿ ಕೂತಿದ್ದೆವು. ಯಾರೂ ಅವರ ಕಣ್ಣು ನೋಡುತ್ತಿರಲಿಲ್ಲ. ಒಬ್ಬಳು ಬೆರಳಿನಿಂದ ಚಾಪೆಯ ಅಂಚು ಕೀಳುತ್ತಿದ್ದಳು.

ಆಗ ಅವರು ಕನ್ನಡಕ್ಕೆ ಬಂದರು. "ಬಲೆ ಅಂದರೆ ಬನ್ನಿ. ಕುಳ್ಳುಲೆ ಅಂದರೆ ಕೂತುಕೊಳ್ಳಿ. ಈಗ ಹೇಳಿ, ನಿಮ್ಮಲ್ಲಿ ಯಾರು ದಡ್ಡರು?" ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. "ನಿಮ್ಮ ಕೇಂದ್ರಕ್ಕೆ ಮೂರು ವರ್ಷದ ಮಗು ಬರುತ್ತದೆ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮರಾಠಿಯೋ. ಅದಕ್ಕೆ ಇದು ಹತ್ತು ನಿಮಿಷ ಅಲ್ಲ, ಬೆಳಿಗ್ಗೆಯಿಂದ ಸಂಜೆ ತನಕ, ದಿನಾ" ಅಂದರು.

ಅವತ್ತು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅರ್ಥವಾಯಿತು ಅಂತಲೂ ಅಂದುಕೊಂಡೆ. ನಿಜವಾಗಿ ಅರ್ಥವಾಗಲು ಐದು ವರ್ಷ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಹಾಡಿನ ಬಗ್ಗೆ ನಮ್ಮ ತಂಗಿ ಕೇಳಿದ್ದಳಲ್ಲ. ಹಾಡು ಬೇಕು, ಅಭಿನಯ ಗೀತೆ ಎಷ್ಟು ಬಂದರೂ ಕಡಿಮೆಯೇ. ಆದರೆ ಬಾಯಿಪಾಠ ಮಾಡಿಕೊಂಡು ಹೋಗಬೇಕಾಗಿಲ್ಲ. ಅಲ್ಲಿ ಹಾಡಿ ಹಾಡಿ ತಾನಾಗೇ ಬರುತ್ತದೆ. ಮೊದಲ ಸಲ ಎಲ್ಲರ ಮುಂದೆ ಆನೆಯ ಹಾಗೆ ಸೊಂಡಿಲು ಆಡಿಸಬೇಕಾದಾಗ ಮೈ ಹಿಡಿಯಾಯಿತು. ಹಳ್ಳಿಯಲ್ಲಿ ಸೆರಗು ಸರಿಸದೆ ಬೆಳೆದವರು ನಾವು. ನಾಲ್ಕನೇ ದಿನಕ್ಕೆ ಆ ನಾಚಿಕೆ ಹೋಯಿತು. ಇದೂ ಒಂದು ಕಲಿಕೆಯೇ.

ನನಗೆ ತುಂಬಾ ಹಿಡಿಸಿದ್ದು ಸಾಮಾನು ಮಾಡುವ ಪಾಠ. ಬೆಂಕಿ ಪೊಟ್ಟಣ, ಬಾಟಲಿ ಮುಚ್ಚಳ, ಹುಣಸಿ ಬೀಜ, ಕೌದಿ ಹೊಲಿದು ಉಳಿದ ಬಟ್ಟೆ ಚೂರು. ಜೋಳದ ದಂಟು ತರಲು ಹೇಳಿದ್ದರು. ದಂಟಿನ ಸಿಪ್ಪೆ ಸುಲಿದು, ಬೆಂಡು ತುಂಡು ಮಾಡಿ, ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ ಮಾಡುವುದು ನಮಗೆಲ್ಲ ಬರುತ್ತಿತ್ತು. ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿ ಕೂತು ಮಾಡಿದ್ದೇ ಅಲ್ವಾ. ಆದರೆ ಅದಕ್ಕೆ ಕಲಿಕೆ ಅನ್ನುವ ಹೆಸರಿದೆ ಅಂತ ಯಾರೂ ಹೇಳಿರಲಿಲ್ಲ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ, ಹುಟ್ಟಿದಾಗ ಅವು ಇನ್ನೂ ಮೆದು, ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ ಅಂತ ಮೇಡಂ ಹೇಳಿದರು. ಮೂರು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ಅ ಆ ಇ ಈ ತಿದ್ದಿಸಿದರೆ ಅದು ಇಡೀ ಮುಷ್ಟಿಯಿಂದ ಹಿಡಿದು ಒತ್ತುತ್ತದೆ, ಕೈ ನೋಯುತ್ತದೆ, ಬರೆಯುವುದೇ ಬೇಡ ಅನ್ನಿಸುತ್ತದೆ. ಅದಕ್ಕಿಂತ ಮೊದಲು ಬೆರಳು ತಯಾರಾಗಬೇಕು. ಕಾಳು ಆರಿಸುವುದು, ಮಣಿ ಪೋಣಿಸುವುದು, ಮಣ್ಣು ಕಲಸುವುದು. ಕೇಳುತ್ತಿದ್ದ ಹಾಗೇ ನನಗೆ ಮಣ್ಣೆತ್ತಿನ ಅಮಾವಾಸ್ಯೆ ನೆನಪಾಯಿತು. ಎರಿ ಮಣ್ಣು ನಾದಿ ಎತ್ತಿನ ಹಿಣಲು, ಕೋಡು ತಿದ್ದುವುದು. ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ದೇವಿ ಗುಳ್ಳವ್ವ. ಗುಲಗಂಜಿ, ಕುಸುಬಿ ಕಾಳು ಒತ್ತಿ ಅವಳಿಗೆ ಒಡವೆ ಮಾಡುತ್ತಿದ್ದೆವು. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮಣ್ಣಿನ ಮೇಲೆ ಕೂರಿಸುವುದಿದೆಯಲ್ಲ, ಪೆನ್ಸಿಲ್ ಹಿಡಿಯುವುದೂ ಅದೇ ಹಿಡಿತ. ನಮ್ಮ ಹಿರಿಯರು ಇದನ್ನು ಹಬ್ಬ ಮಾಡಿ ಇಟ್ಟಿದ್ದಾರೆ. ಅವತ್ತು ರಾತ್ರಿ ನನಗೆ ನನ್ನ ಅವ್ವನ ಮೇಲೆ ಎಷ್ಟು ಪ್ರೀತಿ ಬಂತು ಅಂದರೆ, ಎದ್ದು ಹೋಗಿ ಫೋನ್ ಮಾಡಿದೆ.

ಕ್ಷೇತ್ರಕ್ಕೆ ಹೋದಾಗ ಒಂದು ಅಂಗನವಾಡಿಯಲ್ಲಿ ನಾವೇ ಮಕ್ಕಳ ಜೊತೆ ಕೂರಬೇಕಿತ್ತು. ನನಗೆ ಸಿಕ್ಕಿದ್ದು ನಾಲ್ಕು ವರ್ಷದ ಒಬ್ಬ ಹುಡುಗ. ಏಳು ಹುಣಸಿ ಬೀಜ ಒಂದು ಸಾಲು, ಅದರ ಕೆಳಗೆ ಏಳು ಬೀಜ ಇನ್ನೊಂದು ಸಾಲು ಇಟ್ಟೆ. ಎರಡೂ ಸರಿಸಮ ಅಂದ. ಅವನ ಕಣ್ಣ ಮುಂದೆಯೇ ಕೆಳಗಿನ ಸಾಲನ್ನು ಅಗಲ ಮಾಡಿದೆ. ಈಗ ಯಾವುದರಲ್ಲಿ ಜಾಸ್ತಿ ಅಂದರೆ ಕೆಳಗಿನದು ಅಂದ. ಎಣಿಸು ಅಂದೆ. ಎಣಿಸಿದ, ಎರಡೂ ಏಳು. ಆದರೂ ಕೆಳಗಿನದೇ ಜಾಸ್ತಿ! ನಾನು ತಿದ್ದಲು ಹೋದೆ. ಮೇಡಂ ಹಿಂದಿನಿಂದ ಬಂದು ನನ್ನ ಭುಜ ಮುಟ್ಟಿದರು. ಪಿಯಾಜೆ ಅನ್ನುವ ಸ್ವಿಟ್ಜರ್‌ಲೆಂಡಿನ ವಿದ್ವಾಂಸರು ಇಂಥದ್ದನ್ನೇ ಮಕ್ಕಳ ಜೊತೆ ಮಾಡಿ ನೋಡಿದ್ದರಂತೆ. ಈ ವಯಸ್ಸಿನಲ್ಲಿ ಮಗು ಉದ್ದವನ್ನು ನೋಡಿ ಹೇಳುತ್ತದೆ, ಅದು ತಪ್ಪಲ್ಲ, ಅದರ ತಲೆ ಈಗ ಹಾಗೆ ನೋಡುತ್ತಿದೆ. ಆರು ಏಳು ವರ್ಷಕ್ಕೆ ಬರುವಾಗ ತಾನೇ ದಾಟುತ್ತದೆ. "ನೀವು ತಿದ್ದಿದರೆ ನಿಮ್ಮ ಉತ್ತರ ಹೇಳುತ್ತಾನೆ. ಅವನು ಹೇಗೆ ಯೋಚಿಸುತ್ತಾನೆ ಅನ್ನೋದು ನಿಮಗೆ ತಿಳಿಯುವುದಿಲ್ಲ" ಅಂದರು. ಮನೆಗೆ ಬಂದ ಮೇಲೆ ನನ್ನ ಮಗನ ಜೊತೆ ಇದನ್ನು ವರ್ಷ ವರ್ಷ ಮಾಡಿದೆ. ಒಂದು ದಿನ ಅವನೇ, "ಅವ್ವಾ, ನೀ ಬರೇ ದೂರ ದೂರ ಇಟ್ಟಿ, ಅಷ್ಟ ಅದಾವ" ಅಂದ. ಆ ದಿನ ನಾನು ಎಷ್ಟು ಸಂತೋಷಪಟ್ಟೆ ಅಂತ ಅವನಿಗೆ ಗೊತ್ತಿಲ್ಲ.

ತರಬೇತಿಯ ಕೊನೆಯ ದಿನಗಳಲ್ಲಿ ತಾರಾಬಾಯಿ ಮೋಡಕ್ ಅವರ ಬಗ್ಗೆ ಕೇಳಿದೆವು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಕೆಲಸ ಮಾಡಿದವರು. ಆಮೇಲೆ ಅನುತಾಯಿ ವಾಘ್ ಅವರ ಜೊತೆಗೂಡಿ ಮಹಾರಾಷ್ಟ್ರದ ಕೋಸಬಾಡದಲ್ಲಿ ಆದಿವಾಸಿ ಮಕ್ಕಳಿಗಾಗಿ ದುಡಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ತೆಗೆದುಕೊಂಡು ಹೋದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ. ಅಂಗನವಾಡಿ ಅನ್ನುವ ಮಾತು ಎಷ್ಟು ಸಲ ಹೇಳಿದ್ದೆ, ಅದರೊಳಗೆ ಅಂಗಳ ಇದೆ ಅನ್ನುವುದು ಅವತ್ತೇ ಹೊಳೆದದ್ದು.

ಊರಿಗೆ ಬಂದೆ. ಮಗ ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಮೂರನೇ ದಿನ ಬಂದ.

ನಮ್ಮ ಕೇಂದ್ರ ಊರಿನ ಅಂಚಿನಲ್ಲಿದೆ. ಅರ್ಧ ಮಕ್ಕಳು ಊರಿನವರು, ಅರ್ಧ ಪಕ್ಕದ ಲಂಬಾಣಿ ತಾಂಡಾದವರು. ಕೆಲಸ ಶುರುವಾದ ಮೇಲೆ ತಕ್ಕಡಿ, ಹಾಲಿನ ಪುಡಿ, ಮೊಟ್ಟೆಯ ಲೆಕ್ಕ, ಗರ್ಭಿಣಿಯರ ಊಟ, ಮನೆ ಭೇಟಿ, ಸಮೀಕ್ಷೆ, ಮೊಬೈಲಿನಲ್ಲಿ ಹಾಜರಿ, ಇದರಲ್ಲೇ ದಿನ ಹೋಗುತ್ತಿತ್ತು. ಜೊತೆಗೆ ಅಪ್ಪಂದಿರ ಒತ್ತಾಯ. "ಅಕ್ಕೋರ, ಬರೇ ಹಾಡು ಕುಣಿತ ಆತಲ್ರೀ, ಕಾನ್ವೆಂಟಿನ್ಯಾಗ ಆಗಲೇ ಎಬಿಸಿಡಿ ಬರಸಾಕತ್ತಾರ" ಅಂತ ಒಬ್ಬರು ಪಾಟಿ ತಂದು ನನ್ನ ಮುಂದೆ ಇಟ್ಟರು. ಅವರದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ತಮ್ಮ ಮಗು ಹಿಂದೆ ಬೀಳಬಾರದು ಅನ್ನುವ ಭಯ ಅದು. ಅವರನ್ನು ಒಂದು ಬೆಳಿಗ್ಗೆ ಪೂರ್ತಿ ಕೂರಿಸಿಕೊಂಡೆ. ಅವರ ಮಗ ಮಣ್ಣಿನಲ್ಲಿ ಟ್ರ್ಯಾಕ್ಟರ್ ಮಾಡಿ, ಅದರ ನಾಲ್ಕು ಗಾಲಿಗೆ ಬೇರೆ ಬೇರೆ ಅಳತೆಯ ಮುಚ್ಚಳ ಹುಡುಕಿ, ದೊಡ್ಡವು ಹಿಂದೆ ಸಣ್ಣವು ಮುಂದೆ ಜೋಡಿಸಿದ್ದನ್ನು ಅವರೇ ನೋಡಿದರು. ಪಾಟಿ ವಾಪಸ್ ತೆಗೆದುಕೊಂಡು ಹೋದರು. ಎಲ್ಲರೂ ಹೀಗೆ ಒಪ್ಪಿದರು ಅಂತಲ್ಲ. ಇಬ್ಬರು ಮಕ್ಕಳು ಬಿಟ್ಟು ಹೋದರು.

2022ರ ಜೂನ್‌ನಲ್ಲಿ ತಾಂಡಾದಿಂದ ಒಬ್ಬ ಹುಡುಗಿ ಬಂದಳು. ಮೂರು ವರ್ಷ ದಾಟಿತ್ತು. ಕಿವಿಯಲ್ಲಿ ಸಣ್ಣ ಬೆಳ್ಳಿ ರಿಂಗು. ಬಂದು ಗೋಡೆಗೆ ಒರಗಿ ಕೂತರೆ ಮಧ್ಯಾಹ್ನದ ತನಕ ಅಲ್ಲೇ. ಮಾತಿಲ್ಲ. ಹೆಸರು ಕರೆದರೆ ತಲೆ ಎತ್ತುತ್ತಿದ್ದಳು, ಅಷ್ಟೇ. ಮೂರು ವಾರವಾಯಿತು. ಮಾತು ತಡ ಇರಬಹುದು, ತಪಾಸಣೆಗೆ ಕಳಿಸಬೇಕು ಅಂತ ನಾನು ಪುಸ್ತಕದಲ್ಲಿ ಬರೆದುಬಿಟ್ಟೆ.

ನಮ್ಮ ಸಹಾಯಕಿ ತಾಂಡಾದವಳೇ. ಅವಳು ಅದನ್ನು ನೋಡಿ, "ಅಕ್ಕಾ, ಅಕಿ ಮನ್ಯಾಗ ಬಾಯಿ ಮುಚ್ಚಂಗಿಲ್ಲ. ಸಂಜಿಗೆ ಬಂದು ನೋಡ್ರಿ" ಅಂದಳು.

ಸಂಜೆ ಹೋದೆ. ಮನೆಯ ಹಿಂದೆ ಒಂದು ಆಡಿನ ಮರಿ ಕಟ್ಟಿತ್ತು. ಹುಡುಗಿ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು ಮಾತಾಡುತ್ತಿದ್ದಳು. ಬಿಡುವೇ ಇಲ್ಲದ ಮಾತು. ಬೈಯುತ್ತಿದ್ದಳು, ಮುದ್ದು ಮಾಡುತ್ತಿದ್ದಳು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ನನಗೆ ಒಂದು ಮಾತೂ ತಿಳಿಯಲಿಲ್ಲ. ಬೇಲಿಯ ಈ ಕಡೆ ನಿಂತಿದ್ದ ನನಗೆ ಚಾಪೆಯ ಅಂಚು ಕೀಳುತ್ತಿದ್ದ ಆ ಹೆಂಗಸು ನೆನಪಾದಳು. ಬಲೆ, ಕುಳ್ಳುಲೆ. ಐದು ವರ್ಷದ ಹಿಂದೆ ನನಗೆ ಬಂದ ಬೆವರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಆದರೂ ಮರೆತಿದ್ದೆ. ಅವತ್ತು ನನಗೆ ತುಂಬಾ ನಾಚಿಕೆಯಾಯಿತು. ಪುಸ್ತಕದಲ್ಲಿ ಬರೆದಿದ್ದನ್ನು ಹೊಡೆದು ಹಾಕಿದೆ.

ಒಂದು ಸಣ್ಣ ನೋಟ್‌ಬುಕ್ ತಂದೆ. ಸಹಾಯಕಿ ಹೇಳಿದಳು, ನಾನು ಬರೆದೆ. ಅವ್ವ ಅಂದರೆ ಯಾಡಿ. ರೊಟ್ಟಿ ಅಂದರೆ ಬಾಟಿ. ನೀರು ಅಂದರೆ ಪಾಣಿ. ಮರುದಿನ ಹುಡುಗಿಯ ಪಕ್ಕ ಕೂತು, ಲೋಟ ಹಿಡಿದು "ಪಾನಿ?" ಅಂದೆ. ನನ್ನನ್ನೇ ನೋಡಿದಳು. ಅವಳ ಅಜ್ಜಿಯನ್ನು ಕರೆಸಿ ಮಕ್ಕಳ ನಡುವೆ ಕೂರಿಸಿ ಲಂಬಾಣಿ ಹಾಡು ಹೇಳಿಸಿದೆ. ತಾಂಡಾದ ಮಕ್ಕಳೆಲ್ಲ ಜೊತೆಗೆ ಹಾಡಿದರು, ಊರಿನ ಮಕ್ಕಳು ಬಾಯಿ ಬಿಟ್ಟು ನೋಡಿದರು. ಅಲ್ಲಿ ತನಕ ಯಾವಾಗಲೂ ಅದು ಉಲ್ಟಾ ಇತ್ತು. ಮೂರನೆಯ ದಿನ ಮತ್ತೆ ಲೋಟ ಹಿಡಿದು "ಪಾನಿ?" ಅಂದಾಗ ಹುಡುಗಿ ಸಣ್ಣ ದನಿಯಲ್ಲಿ, ಸ್ವಲ್ಪ ಸಿಟ್ಟಿನಿಂದ, "ಪಾಣಿ" ಅಂದಳು. ನಾನು ಟಿವಿಯಲ್ಲಿ ಕೇಳಿದ ಹಿಂದಿಯ ಹಾಗೆ ಹೇಳುತ್ತಿದ್ದೆ. ಅವಳು ಣಕಾರ ತಿದ್ದಿದಳು. ಕೇಂದ್ರದಲ್ಲಿ ಅವಳು ಆಡಿದ ಮೊದಲ ಮಾತು ಅದು.

ದೀಪಾವಳಿ ಆದ ಮೇಲೆ ಅವಳ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರು, ಅವಳನ್ನೂ ಕರೆದುಕೊಂಡು. ಪ್ರತಿ ವರ್ಷ ಹೀಗೆ ಎಷ್ಟೋ ಮಕ್ಕಳು ಹೋಗುತ್ತಾರೆ. ಹಾಜರಿಯಲ್ಲಿ ಅವರ ಸಾಲು ಖಾಲಿ. ತೂಕದ ಚಾರ್ಟಿನಲ್ಲಿ ನಾಲ್ಕೈದು ತಿಂಗಳು ಚುಕ್ಕೆಯೇ ಇರುವುದಿಲ್ಲ, ಯುಗಾದಿ ಹೊತ್ತಿಗೆ ತಿರುಗಿ ಬಂದಾಗ ಗೆರೆ ಮಲಗಿರುತ್ತದೆ. ಇದನ್ನು ನೋಡುವುದು ನನಗೆ ಇವತ್ತಿಗೂ ಕಷ್ಟ. ಹುಡುಗಿ ಬಂದಳು, ತೆಳ್ಳಗಾಗಿದ್ದಳು. ಕಲಿತ ಕನ್ನಡ ಸ್ವಲ್ಪ ಮರೆತಿದ್ದಳು, ಬದಲಿಗೆ ಒಂದಿಷ್ಟು ಮರಾಠಿ ತಂದಿದ್ದಳು. ಮತ್ತೆ ಮೊಟ್ಟೆ, ಹಾಲು, ತಕ್ಕಡಿ. ಮತ್ತೆ ನೋಟ್‌ಬುಕ್.

ಈಚೆಗೆ ನಮಗೆಲ್ಲ ಇನ್ನೊಂದು ತರಬೇತಿ ಆಯಿತು, ಪೋಷಣ್ ಭಿ ಪಢಾಯಿ ಭಿ (ಪೋಷಣೆಯೂ ಓದೂ) ಅಂತ, ಮೂರು ದಿನದ್ದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಧಾರಶಿಲಾ ಅನ್ನುವ ಪಠ್ಯಕ್ರಮ 2024ರಲ್ಲಿ ಬಂದಿದೆ. ಅದರಲ್ಲಿ ವರ್ಷದ 48 ವಾರಕ್ಕೂ ಆಟದ ಯೋಜನೆ ಇದೆ. ಮೊದಲ ನಾಲ್ಕು ವಾರ ಮಗು ಮನೆಯಿಂದ ಬಂದು ಹೊಂದಿಕೊಳ್ಳುವುದಕ್ಕೇ ಮೀಸಲು. ಆ ಪುಟ ನೋಡಿದಾಗ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಹುಡುಗಿಯ ಬಗ್ಗೆ ನಾನು ತಪಾಸಣೆ ಅಂತ ಬರೆದದ್ದು ಮೂರನೇ ವಾರದಲ್ಲಿ. ಮಾತೃಭಾಷೆಯಲ್ಲೇ ಶುರು ಮಾಡಿ ಅಂತ ಅಲ್ಲೂ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಅದನ್ನು ಹೇಳಿದಷ್ಟು ಸುಲಭಕ್ಕೆ ಮಾಡಲಾಗದು. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಮಾತೃಭಾಷೆ ಇರುತ್ತವೆ, ಕಾರ್ಯಕರ್ತೆ ಒಬ್ಬಳೇ. ಸಹಾಯಕಿ, ಅಜ್ಜಿಯಂದಿರು, ದೊಡ್ಡ ಮಕ್ಕಳು, ಇವರ ನೆರವು ಇಲ್ಲದೆ ಆಗುವುದಿಲ್ಲ. ತಾಂಡಾದಿಂದ ಒಬ್ಬ ಅಜ್ಜಿ ವಾರಕ್ಕೊಮ್ಮೆ ಬರಲಿ ಅಂತ ಕೇಳಲು ಯಾವ ಆದೇಶವೂ ಬೇಕಿಲ್ಲ, ಅದನ್ನು ನಾವೇ ಮಾಡಬಹುದು.

ನಮ್ಮ ತಂಗಿಗೆ ಇನ್ನೊಂದು ಮಾತು. ತರಬೇತಿಗೆ ಹೋಗುವಾಗ ದಪ್ಪ ನೋಟ್‌ಬುಕ್ ಒಯ್ಯಿ. ರಿಜಿಸ್ಟರ್ ವಿಷಯ ಹಿಂದಿನ ಪುಟಗಳಿಂದ ಬರಕೋ. ಮುಂದಿನ ಪುಟ ಮಕ್ಕಳ ಮಾತಿಗೆ ಇಡು. ನನ್ನ ಲಂಬಾಣಿ ನೋಟ್‌ಬುಕ್ಕಿನಲ್ಲಿ ಈಗ ನೂರ ನಲವತ್ತು ಮಾತು ಇವೆ. ಉರ್ದುವಿಗೆ ಬೇರೆ ಇಟ್ಟಿದ್ದೇನೆ.

ಆ ಹುಡುಗಿ ಈಗ ಒಂದನೇ ತರಗತಿ. ಶಾಲೆ ಬಿಟ್ಟ ಮೇಲೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಚೀಲ ಇಳಿಸಿ ಸಣ್ಣವರ ಪಕ್ಕ ಕೂರುತ್ತಾಳೆ. ಕಳೆದ ವಾರ ತಾಂಡಾದಿಂದ ಹೊಸದಾಗಿ ಬಂದ ಒಬ್ಬ ಹುಡುಗ ಅಳುತ್ತಿದ್ದ. ನಾನು ನೋಟ್‌ಬುಕ್ ನೋಡಿಕೊಂಡು ಅವನಿಗೆ ಏನೋ ಹೇಳಿದೆ. ಅವಳು ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. "ಟೀಚರ್, ಹಂಗಲ್ರಿ" ಅಂದು, ಹುಡುಗನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಆಡಿನ ಮರಿಯ ಮುಂದೆ ಕೂತಿದ್ದ ಹಾಗೆಯೇ, ಮಾತಾಡಲು ಶುರು ಮಾಡಿದಳು.